ಒಂಟಿಕಾಲು ಹುಡುಕುತ್ತ ನಾಲ್ಕು ದಿನ

ಗುರುವಾರ: ಕುಕ್ಕರಹಳ್ಳಿ ಕೆರೆ, ಆಮೇಲೆ ಒಂದು ಅಂಗಡಿ

ಬೆಳಗ್ಗೆ ಆರೂಮುಕ್ಕಾಲು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾನು, ನನ್ನ ಅಕ್ಕನ ಮಗಳು, ಜೊತೆಗೆ ಕ್ಯಾಮೆರಾ ಊರುವ ಎರಡು ಕೋಲು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಏನ್ರೀ, ಕೆರೆ ಸರ್ವೇ ಮಾಡ್ತಿದ್ದೀರಾ?" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳು, "ಇಲ್ಲ ಅಂಕಲ್, ನಮ್ಮ ಮಾವಂಗೆ ಒಂದು ಕೋಲು ಆರಿಸ್ತಿದ್ದೀವಿ" ಅಂದುಬಿಟ್ಟಳು. ಅವರು ನನ್ನ ಮಂಡಿ ಕಡೆ ನೋಡಿ, ಅಯ್ಯೋ ಪಾಪ ಅನ್ನುವ ಮುಖ ಮಾಡಿ ಮುಂದೆ ನಡೆದರು.

ಇದೆಲ್ಲ ಶುರುವಾದದ್ದು ಡಿಸೆಂಬರಿನಲ್ಲಿ. ರಂಗನತಿಟ್ಟಿನಲ್ಲಿ ಒಂದೇ ಬೆಳಗ್ಗೆ 340 ಫೋಟೊ ಹೊಡೆದು ಬಂದಿದ್ದೆ. ಇವಳು ಲ್ಯಾಪ್‌ಟಾಪ್ ಮುಂದೆ ಕೂತು, ಒಂದೊಂದನ್ನೇ ದೊಡ್ಡದು ಮಾಡಿ ನೋಡಿ, 212 ಅಳಿಸಿದಳು. ಎಲ್ಲದರಲ್ಲೂ ಹಕ್ಕಿಯ ಕಣ್ಣು ಮಸುಕು. "ಮಾವ, ನಿಮ್ಮ ಕೈ ನಡುಗ್ತಿಲ್ಲ. ನೀವು ಉಸಿರಾಡಿದಾಗಲೆಲ್ಲ ಲೆನ್ಸು ಮೇಲೆ ಕೆಳಗೆ ಹೋಗ್ತಿದೆ" ಅಂದಳು. ಐವತ್ತನಾಲ್ಕು ವರ್ಷದವನಿಗೆ ಉಸಿರಾಡಬೇಡ ಅನ್ನೋಕಾಗುತ್ತಾ? ಮನೆಯಲ್ಲಿ ಟ್ರೈಪಾಡ್ ಇದೆ. ಹತ್ತಿರ ಹತ್ತಿರ ಎರಡು ಕೆಜಿ. ಕೊಂಡ ವರ್ಷ ಎರಡು ಸಲ ಹೊತ್ತೆ, ಈಗ ಅಟ್ಟದ ಮೇಲೆ ಹಪ್ಪಳದ ಡಬ್ಬದ ಪಕ್ಕ ಮಲಗಿದೆ. ಹಾಗಾಗಿ ಮಾನೊಪಾಡ್ ತಗೊಳ್ಳೋಣ ಅಂತಾಯಿತು. ಟ್ರೈಪಾಡ್ ಮುಕ್ಕಾಲಿ ಆದರೆ ಇದು ಒಂಟಿಕಾಲು. ನಮ್ಮನೆಯಲ್ಲಿ ಈಗ ಅದೇ ಹೆಸರು.

ಕೈಯಲ್ಲಿದ್ದ ಎರಡರಲ್ಲಿ ಒಂದು, ಮದುವೆ ವಿಡಿಯೊ ಮಾಡುವ ಗೆಳೆಯನದು. ಮೂರು ತುಂಡಿನ ಅಲ್ಯೂಮಿನಿಯಂ ಕೋಲು. ತೂಕ ಒಂದು ಕೆಜಿಗೆ ಸ್ವಲ್ಪ ಕಮ್ಮಿ. ಮಡಚಿದರೂ ನನ್ನ ತೊಡೆವರೆಗೆ ಬರುತ್ತೆ. ಇನ್ನೊಂದು ಆನ್‌ಲೈನ್‌ನಲ್ಲಿ ತರಿಸಿದ್ದು, 1,150 ರೂಪಾಯಿ. ಐದು ತುಂಡು, 400 ಗ್ರಾಂ, ತಿರುಗಿಸಿ ಬಿಗಿ ಮಾಡುವ ಲಾಕು. ಮಡಚಿದರೆ ಬ್ಯಾಗಿನೊಳಗೇ ಹೋಗುತ್ತೆ. ಹತ್ತು ದಿನದೊಳಗೆ ವಾಪಸ್ ಕೊಡಬಹುದಿತ್ತು, ಅದಕ್ಕೇ ಗಡಿಬಿಡಿಯಲ್ಲಿ ರಜೆ ಹಾಕಿ ಹೊರಟದ್ದು. ಫೆಬ್ರುವರಿ ಬೇರೆ, ಕೊಕ್ಕರೆಗಳ ಬಾಣಂತನದ ಕಾಲ.

ಈ ಕೆರೆ 1864ರದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಮೈಸೂರಿನಲ್ಲಿ ಹೊಸ ಕ್ಯಾಮೆರಾ ಕೊಂಡವರೆಲ್ಲ ಮೊದಲು ಬರುವುದು ಇಲ್ಲಿಗೇ. ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ದೋಣಿಯ ಹಾಗೆ ತೇಲುತ್ತಿರುತ್ತವೆ, ನಾವು ಎಷ್ಟು ತಪ್ಪು ಮಾಡಿದರೂ ಕಾಯುತ್ತವೆ.

ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ಹೊಡೆಯುವಾಗ ಶಟರ್ ವೇಗದ ಅಂಕಿ ಲೆನ್ಸಿನ ಫೋಕಲ್ ಲೆಂತ್‌ಗಿಂತ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುತ್ತಲ್ಲ, ಅದು) ಕಮ್ಮಿ ಇರಬಾರದು. 300 ಮಿ.ಮೀ. ಲೆನ್ಸಿಗೆ 1/300 ಸೆಕೆಂಡು. ನನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದಕ್ಕೆ ಒಂದೂವರೆಯಿಂದ ಗುಣಿಸಬೇಕು. 450 ಆಯಿತು, 1/500 ಅಂತಿಟ್ಟುಕೊಳ್ಳಿ. ಬೆಳಗಿನ ಮಂದ ಬೆಳಕಿನಲ್ಲಿ ಲೆನ್ಸಿನ ಬಾಯಿ ಎಫ್ 5.6ಕ್ಕೆ ಇಟ್ಟುಕೊಂಡು 1/500 ಬೇಕು ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒ 3200ಕ್ಕೆ ಏರಿಸಬೇಕು. ಫೋಟೊ ತುಂಬ ರವೆ ಚೆಲ್ಲಿದ ಹಾಗಾಗುತ್ತೆ. ಒಂಟಿಕಾಲು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ವೇಗ ಅರ್ಧಕ್ಕೆ) ಉಳಿಸಿಕೊಟ್ಟರೂ 1/125ಕ್ಕೆ ಇಳಿಯಬಹುದು, ಐಎಸ್‌ಒ 800 ಸಾಕು. ನನ್ನದು ಹಳೇ 70-300 ಲೆನ್ಸು, ನಡುಕ ತಡೆಯುವ ಏರ್ಪಾಟು ಅದರಲ್ಲಿಲ್ಲ. ಇದ್ದವರು ಒಂಟಿಕಾಲಿನ ಮೇಲೂ ಅದನ್ನು ಆನ್ ಇಟ್ಟುಕೊಳ್ಳಬಹುದು. ಟ್ರೈಪಾಡ್ ಮೇಲಾದರೆ ಆಫ್ ಮಾಡುವುದು ರೂಢಿ.

ಪರೀಕ್ಷೆ ಅವಳದೇ ಐಡಿಯಾ. ದೂರದ ಒಂದು ಫಲಕದ ಮೇಲೆ ಫೋಕಸ್ ಮಾಡಿ, 1/60ರಲ್ಲಿ ಹತ್ತು ಫೋಟೊ. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಪಾಸು. ಬರಿಗೈಯಲ್ಲಿ ಹತ್ತಕ್ಕೆ ಒಂದು. ಗೆಳೆಯನ ಕೋಲಿನ ಮೇಲೆ ಎಂಟು. ಆನ್‌ಲೈನ್ ಕೋಲಿನ ಮೇಲೆ ಐದು. ಅದರ ಕೊನೆಯ ತುಂಡು ನನ್ನ ಕಿರುಬೆರಳಿಗಿಂತ ಚೂರು ದಪ್ಪ ಅಷ್ಟೆ. ಅದನ್ನು ಒಳಗೇ ಬಿಟ್ಟು, ಮಂಡಿಯೂರಿ ಕೂತು ಹೊಡೆದರೆ ಏಳು ಬಂತು. ಅಂದರೆ ತಪ್ಪು ಕೋಲಿನದಲ್ಲ, ಕೊನೆಯ ತುಂಡಿನದು. ಆದರೆ ಅದನ್ನು ಬಿಟ್ಟರೆ ಕೋಲು ನನ್ನ ಕಣ್ಣಿನ ಎತ್ತರಕ್ಕೆ ಬರಲ್ಲ. ತುಂಡು ಜಾಸ್ತಿಯಾದಷ್ಟೂ ಮಡಚಿದಾಗ ಚಿಕ್ಕದು, ಬಿಚ್ಚಿದಾಗ ಸಣಕಲು. ಬ್ಯಾಗಿನಲ್ಲಿ ಜಾಗ ಉಳಿಸಲು ಹೋಗಿ ಇಲ್ಲಿ ಕಳೆದುಕೊಳ್ಳುತ್ತೇವೆ.

ನಿಲ್ಲುವ ರೀತಿಯನ್ನೂ ಕಲಿಯಬೇಕಾಯಿತು. ನಾನು ಊರುಗೋಲಿನ ಹಾಗೆ ಪಾದದ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡಿದ್ದೆ. ಹಾಗೆ ನಿಂತರೆ ಮೇಲೆ ಕೆಳಗಿನ ಅಲುಗಾಟ ನಿಲ್ಲುತ್ತೆ, ಎಡಕ್ಕೆ ಬಲಕ್ಕೆ ತೂಗಾಟ ಹಾಗೇ ಇರುತ್ತೆ. ಕೋಲಿನ ತುದಿಯನ್ನು ಒಂದು ಅಡಿ ಮುಂದಿಟ್ಟು, ಎರಡೂ ಕಾಲು ಅಗಲಿಸಿ, ಮೈಭಾರವನ್ನು ಸ್ವಲ್ಪ ಅದರ ಮೇಲೆ ಬಿಡಬೇಕು. ನಮ್ಮ ಎರಡು ಕಾಲು, ಅದರದೊಂದು, ಒಟ್ಟು ಮೂರಾಯಿತು. ಎಡಗೈ ಲೆನ್ಸಿನ ಮೇಲೆ, ಮೊಳಕೈ ಎದೆಗೆ ಒತ್ತಿ. ಉಸಿರು ಅರ್ಧ ಬಿಟ್ಟು, ನಿಲ್ಲಿಸಿ, ಮೂರು ನಾಲ್ಕು ಫೋಟೊ ಒಟ್ಟಿಗೆ. ಮೊದಲನೆಯದು ಸಾಮಾನ್ಯವಾಗಿ ಹಾಳು, ಬಟನ್ ಒತ್ತಿದ ಬೆರಳಿನ ಗುದ್ದು ಅದರಲ್ಲಿರುತ್ತೆ.

ಮಧ್ಯಾಹ್ನ ಪೇಟೆಯ ಒಂದು ಕ್ಯಾಮೆರಾ ಅಂಗಡಿಗೆ ಹೋದೆವು. ಅಂಗಡಿಯವರು ಮೂರು ತೋರಿಸಿದರು. ಕಾರ್ಬನ್ ಫೈಬರಿನದು ಎಂಟು ಸಾವಿರದ ಮೇಲೆ. ಹಿಡಿದು ನೋಡಿದೆ, ನಿಜಕ್ಕೂ ಹಗುರ. ಆದರೆ ಅದೇ ಅಳತೆಯ ಅಲ್ಯೂಮಿನಿಯಂ ಕೋಲಿಗೂ ಅದಕ್ಕೂ ತೂಕದ ವ್ಯತ್ಯಾಸ ನೂರೈವತ್ತು ಗ್ರಾಂ, ಒಂದು ದೊಡ್ಡ ಬಾಳೆಹಣ್ಣಿನಷ್ಟು. ಮೂರು ಕಾಲಿನ ಟ್ರೈಪಾಡಿನಲ್ಲಾದರೆ ಮೂರು ಪಟ್ಟು ಉಳಿಯುತ್ತೆ, ಒಪ್ಪೋಣ. ಒಂದು ಕಾಲಿಗೆ ಅಷ್ಟು ದುಡ್ಡು ನನಗೆ ದಂಡ ಅನ್ನಿಸಿತು.

ಇನ್ನೊಂದು, ನಾಲ್ಕು ತುಂಡಿನ ಅಲ್ಯೂಮಿನಿಯಂ ಕೋಲು. 560 ಗ್ರಾಂ, ಪೂರ್ತಿ ಎಳೆದರೆ 160 ಸೆಂ.ಮೀ., ಪಟಕ್ ಅಂತ ಮುಚ್ಚುವ ಕ್ಲಿಪ್ ಲಾಕು. ಪೆಟ್ಟಿಗೆಯ ಮೇಲೆ ಹತ್ತು ಕೆಜಿ ತಡೆಯುತ್ತದೆ ಅಂತ ಬರೆದಿತ್ತು. ನನ್ನ ಕ್ಯಾಮೆರಾ ಲೆನ್ಸು ಸೇರಿ ಒಂದು ಕೆಜಿ, ಆ ಅಂಕಿ ಕಟ್ಟಿಕೊಂಡು ನನಗೇನು? ಪೂರ್ತಿ ಎಳೆದು, ಮೇಲಿನಿಂದ ಅಂಗೈಯಲ್ಲಿ ಮೈಭಾರ ಬಿಟ್ಟು ಒತ್ತಿದೆ. ಜಾರಲಿಲ್ಲ. ಕ್ಯಾಮೆರಾ ಹಾಕಿ, ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಲೆನ್ಸಿನ ತುದಿಗೆ ಬೆರಳಿನಿಂದ ತಟ್ಟಿದೆವು. ಚಿತ್ರ ಅದುರಿ, ಬೇಗ ನಿಂತಿತು. ಆನ್‌ಲೈನ್ ಕೋಲಿಗೆ ಹೀಗೇ ತಟ್ಟಿದರೆ ವೀಣೆಯ ತಂತಿಯ ಹಾಗೆ ಅದುರುತ್ತಲೇ ಇತ್ತು.

ಬೆಲೆ 2,400. ನಾನು ಮನಸ್ಸಿನಲ್ಲಿಟ್ಟುಕೊಂಡದ್ದು ಎರಡು ಸಾವಿರ. "ನೋಡ್ಕೊಂಡು ಬರ್ತೀವಿ" ಅಂತ ಎದ್ದು ಬಂದೆ. ಮೈಸೂರಿನಲ್ಲಿ ಆ ಮಾತಿನ ಅರ್ಥ ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು.

ಶುಕ್ರವಾರ: ರಂಗನತಿಟ್ಟು, ಸಂಜೆ ಬಲಮುರಿ

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿಗೆ ಹೋದಾಗ ಗೇಟಿನ ಮುಂದೆ ಆಗಲೇ ಸಾಲು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ನಡುಗಡ್ಡೆಗಳನ್ನು ನೋಡಿ ಮೈಸೂರಿನ ಒಡೆಯರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಮಂಡ್ಯ ಜಿಲ್ಲೆಯ ಜಾಗ, ಆದರೆ ಮೈಸೂರಿನವರು ನಮ್ಮದೇ ಅಂತ ಜಂಬ ಪಡುತ್ತೇವೆ.

ದೋಣಿಗೆ ಎರಡೂ ಕೋಲು ತಗೊಂಡು ಹತ್ತಿದೆ. ಹುಟ್ಟು ಹಾಕುವವರು ನೋಡಿ ನಕ್ಕರು. "ಸಾರ್, ಕೋಲು ಕೆಳಗೆ ಊರ್ಬೇಡಿ, ತೊಡೆ ಮೇಲೆ ಇಟ್ಕೊಳಿ. ದೊಡ್ಡ ದೊಡ್ಡ ಲೆನ್ಸ್ ತರೋರೂ ಹಂಗೇ ಮಾಡೋದು." ಸರಿಯಾಗಿತ್ತು ಅವರ ಮಾತು. ಕೋಲನ್ನು ದೋಣಿಯ ಹಲಗೆಗೆ ಊರಿದರೆ ಹುಟ್ಟಿನ ಒಂದೊಂದು ಎಳೆತವೂ ನೇರವಾಗಿ ಕ್ಯಾಮೆರಾಗೆ ಬರುತ್ತೆ. ಒಂದೇ ತುಂಡು ಎಳೆದು, ತುದಿಯನ್ನು ತೊಡೆಯ ಮೇಲಿಟ್ಟರೆ ನಮ್ಮ ಮಾಂಸಖಂಡವೇ ಸ್ಪ್ರಿಂಗು.

ಆದರೂ ದೋಣಿಯಲ್ಲಿ ಒಂಟಿಕಾಲಿನಿಂದ ಶಟರ್ ವೇಗ ಇಳಿಸಲು ಆಗುವುದಿಲ್ಲ. ದೋಣಿಯೇ ತೇಲಿ ಸರಿಯುತ್ತಿರುತ್ತೆ, ಯಾವ ಕೋಲು ಅದನ್ನು ನಿಲ್ಲಿಸೀತು? ನಾನು 1/1000 ಇಟ್ಟುಕೊಂಡೆ. ಬಿಸಿಲು ಬಂದಿದ್ದರಿಂದ ತೊಂದರೆ ಆಗಲಿಲ್ಲ. ಇಲ್ಲಿ ಕೋಲು ಮಾಡಿದ ಉಪಕಾರ ಬೇರೆಯದು. ಒಂದು ಕೆಜಿ ಭಾರವನ್ನು ಅದು ಹೊತ್ತುಕೊಂಡಿತು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮೈ ಕಾಯಿಸಿಕೊಳ್ಳುತ್ತಿತ್ತು. ಅದು ಬಾಯಿ ಮುಚ್ಚುವ ಗಳಿಗೆ ಬೇಕಿತ್ತು ನನಗೆ. ಕಣ್ಣು ತೆಗೆಯದೆ ಎಷ್ಟೋ ಹೊತ್ತು ಕಾದೆ, ಭುಜ ನೋಯಲಿಲ್ಲ. ಮೊಸಳೆಯೂ ಬಾಯಿ ಮುಚ್ಚಲಿಲ್ಲ ಅನ್ನಿ.

ದೋಣಿ ಇಳಿದ ಮೇಲೆ ದಡದ ದಾರಿಯಲ್ಲಿ ನಿಜವಾದ ಕೆಲಸ ಸಿಕ್ಕಿತು. ಎದುರಿನ ನಡುಗಡ್ಡೆಯ ಮರದಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿ ತಂದು ಪೇರಿಸುತ್ತಿದ್ದವು. ಗಂಡು ಕಡ್ಡಿ ತರುತ್ತೆ, ಹೆಣ್ಣು ಅದನ್ನು ತಗೊಂಡು ಅಲ್ಲಿಲ್ಲಿ ಸಿಕ್ಕಿಸಿ ನೋಡುತ್ತೆ. ಒಂದು ಕಡ್ಡಿಗೆ ಮೂರು ಸಲ ಜಾಗ ಬದಲಾಯಿಸಿದ್ದು ನೋಡಿ ನಮ್ಮಕ್ಕ ಸೋಫಾ ಸರಿಸುವುದು ನೆನಪಾಯಿತು. ಇವಳಿಗೆ ಹೇಳಿದೆ. ಅಮ್ಮನಿಗೆ ಹೇಳ್ತೀನಿ ಅಂತ ಹೆದರಿಸಿದಳು. ನೆರಳಿನಲ್ಲಿ 1/160ಕ್ಕೆ ಇಳಿದು ಹೊಡೆದೆ. ಗೆಳೆಯನ ಕೋಲು, ನೆಲ ಗಟ್ಟಿ. ಗರಿಯ ಮೇಲಿನ ಗುಲಾಬಿ ಬಣ್ಣ ಎಳೆ ಎಳೆಯಾಗಿ ಬಂತು. ಡಿಸೆಂಬರಿನ 340ರಲ್ಲಿ ಇಂಥದ್ದೊಂದೂ ಇರಲಿಲ್ಲ.

ಸಂಜೆ ಬಲಮುರಿಯಲ್ಲಿ ದುರಾಸೆ ಹತ್ತಿತು. ಅಣೆಕಟ್ಟೆಯ ಮೇಲಿಂದ ಇಳಿಯುವ ನೀರು ಹಾಲಿನ ನೊರೆಯ ಹಾಗೆ ಬರಬೇಕು ಅಂದರೆ ಶಟರ್ ಅರ್ಧ ಸೆಕೆಂಡು ತೆರೆದಿರಬೇಕು. ಇಪ್ಪತ್ತು ಸಲ ಪ್ರಯತ್ನಪಟ್ಟೆ. ನೀರು ನೊರೆಯಾಯಿತು, ಬಂಡೆಯೂ ನೊರೆಯಾಯಿತು. ಕೊನೆಗೆ ಕ್ಯಾಮೆರಾವನ್ನು ಬ್ಯಾಗಿನ ಮೇಲಿಟ್ಟು, ಸೆಲ್ಫ್ ಟೈಮರ್ ಹಾಕಿ ಹೊಡೆದದ್ದೇ ಚೆನ್ನಾಗಿ ಬಂತು. ಅಟ್ಟದ ಮೇಲಿನ ಟ್ರೈಪಾಡ್ ನೆನಪಾಯಿತು. ಮಾರಿಬಿಡೋಣ ಅಂದುಕೊಂಡಿದ್ದೆ, ಈಗ ಮಾರಲ್ಲ.

ಶನಿವಾರ: ಆಲೆಮನೆ, ಕೊಕ್ಕರೆ ಬೆಳ್ಳೂರು

ಮಂಡ್ಯ ದಾಟಿ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಕಬ್ಬಿನ ಗದ್ದೆಗಳ ನಡುವೆ ಹೊಗೆ ಕಾಣುತ್ತೆ. ಹೊಗೆಯ ಹಿಂದೆ ಹೋದರೆ ಆಲೆಮನೆ. ವಾಸನೆಯೇ ದಾರಿ ತೋರಿಸುತ್ತೆ, ಗೂಗಲ್ ಬೇಡ.

ಕೇಳಿಕೊಂಡು ಒಳಗೆ ಹೋದೆವು. ಗಾಣದಿಂದ ಇಳಿದ ಕಬ್ಬಿನ ಹಾಲು ಅಗಲವಾದ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಹಿಂಡಿ ಒಣಗಿಸಿದ ಸಿಪ್ಪೆಯೇ ಒಲೆಗೆ ಸೌದೆ. ಚೂರು ಸುಣ್ಣ ಹಾಕಿದರೆ ಕೊಳೆ ಮೇಲೆ ಬರುತ್ತೆ, ಅದನ್ನು ತೆಗೆದು ಹಾಕುತ್ತಾರೆ. ಪಾಕ ಹದಕ್ಕೆ ಬಂದ ಮೇಲೆ ತೊಟ್ಟಿಗೆ ಸುರಿದು, ಆರಿಸಿ, ಅಚ್ಚಿಗೆ ತುಂಬುತ್ತಾರೆ. ಒಲೆಗೆ ಸಿಪ್ಪೆ ತಳ್ಳುತ್ತಿದ್ದವರು ನನ್ನ ಕೋಲು ನೋಡಿ, "ಏನ್ ಸಾ, ಇಲ್ಲಿ ಮೀನ್ ಇಲ್ಲ ಕನ್ರೀ" ಅಂದರು. ಎಲ್ಲರೂ ನಕ್ಕರು. ಆಮೇಲೆ ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರು.

ಫೋಟೊ ತೆಗೆಯುವವನಿಗೆ ಆಲೆಮನೆಯಂಥ ಸ್ವರ್ಗವೂ ಇಲ್ಲ, ನರಕವೂ ಇಲ್ಲ. ಸೂರಿನ ಸಂದಿಯಿಂದ ಇಳಿಯುವ ಬಿಸಿಲಿನ ಕೋಲು, ಆವಿ, ಬೆಂಕಿ. ಉಳಿದದ್ದೆಲ್ಲ ಕತ್ತಲೆ. ಫ್ಲ್ಯಾಶ್ ಹಾಕಿದರೆ ಆವಿಯೆಲ್ಲ ಬಿಳಿ ಗೋಡೆ. 18-55 ಲೆನ್ಸು ಹಾಕಿ, ಐಎಸ್‌ಒ 1600, 1/15 ಸೆಕೆಂಡು. ಟ್ರೈಪಾಡ್ ಬಿಚ್ಚಿದರೆ ಅವರು ಓಡಾಡುವ ದಾರಿಗೇ ಅಡ್ಡ, ಕುದಿಯುವ ಪಾಕ ಹೊತ್ತವರಿಗೆ ಕಾಲು ತೊಡರಿದರೆ ಗತಿ? ಒಂಟಿಕಾಲಿಗೆ ಒಂದು ಅಂಗೈಯಷ್ಟು ಜಾಗ ಸಾಕು. ಗೆಳೆಯನ ಕೋಲಿನ ಕ್ಲಿಪ್ ಬಿಚ್ಚಿ, ಎರಡು ಹೆಜ್ಜೆ ಸರಿದು, ಮತ್ತೆ ಊರು. ಆನ್‌ಲೈನ್ ಕೋಲಿನಲ್ಲಿ ಎತ್ತರ ಬದಲಿಸುವಷ್ಟರಲ್ಲಿ, ತಿರುಗಿಸಿ ತಿರುಗಿಸಿ, ಬೆಲ್ಲವೇ ಆರಿಹೋಗುತ್ತಿತ್ತು. ಐದು ತುಂಡಿಗೆ ನಾಲ್ಕು ಲಾಕು, ಯಾವುದು ಬಿಗಿಯಾಗಿದೆ ಯಾವುದು ಸಡಿಲ ಅಂತ ನೋಡಿದರೆ ಗೊತ್ತಾಗಲ್ಲ. ಕ್ಲಿಪ್ಪಾದರೆ ಕತ್ತಲೆಯಲ್ಲೂ ಬೆರಳಿಗೆ ಗೊತ್ತಾಗುತ್ತೆ.

ಮೊದಲ ಮೂವತ್ತು ಫೋಟೊಗಳಲ್ಲಿ ಕೊಪ್ಪರಿಗೆ ಸ್ಪಷ್ಟ, ಮನುಷ್ಯರು ದೆವ್ವ. ಕೋಲು ಹಿಡಿದಿರುವುದು ನನ್ನನ್ನು, ಅವರನ್ನಲ್ಲವಲ್ಲ. ಪಾಕ ತಿರುವುವವರನ್ನು ಸುಮ್ಮನೆ ನೋಡುತ್ತ ನಿಂತೆ. ಹುಟ್ಟು ಆ ಕಡೆ ಹೋಗಿ ಈ ಕಡೆ ತಿರುಗುವಾಗ ಒಂದು ಗಳಿಗೆ ಕೈ ನಿಲ್ಲುತ್ತೆ. ಅದೇ ಸಮಯಕ್ಕೆ ಒತ್ತಿದರೆ ಮುಖ ಸಿಗುತ್ತೆ. ಆಮೇಲೆ ಬಂದವುಗಳಲ್ಲಿ ಆರು ನನಗೆ ತುಂಬ ಇಷ್ಟ.

ಕುಡಿಯಲು ಕಬ್ಬಿನ ಹಾಲು ಕೊಟ್ಟರು, ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು. ಹೊರಡುವಾಗ ಗೆಳೆಯನ ಕೋಲು ಎತ್ತಿದರೆ, ತುದಿಯ ರಬ್ಬರ್ ನೆಲದ ಮೇಲೆ ಚೆಲ್ಲಿದ್ದ ಪಾಕಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು. ಕಿತ್ತರೆ ಎರಡು ಹೋಳು. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಊರುಗೋಲಿಗೆ ಹಾಕುವ ರಬ್ಬರ್ ಬುಶ್ ಕೇಳಿದೆ. ಇತ್ತು. ಮೂವತ್ತು ರೂಪಾಯಿ. ಅಳತೆ ಮಾಡಿಸಿದ ಹಾಗೆ ಕೂತಿತು, ಮೊದಲಿನದಕ್ಕಿಂತ ಹಿಡಿತವೂ ಚೆನ್ನಾಗಿದೆ. ಗೆಳೆಯನಿಗೆ ಇನ್ನೂ ಹೇಳಿಲ್ಲ.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನದೇ. ಇಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಿಲ್ಲ. ಮನೆ ಹಿತ್ತಲಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಮರಿಗಳು ಗಲಾಟೆ ಮಾಡುತ್ತಿರುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಇವುಗಳನ್ನು ಕರೆಯುವುದು. ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಗೊಬ್ಬರ.

ಇಲ್ಲಿ ಹೊಸ ಪಾಠ. ಹಕ್ಕಿ ತಲೆಯ ಮೇಲೆ, ಹಾಗಾಗಿ ಕ್ಯಾಮೆರಾ ಮೇಲೆ ನೋಡಬೇಕು. ಕೋಲಿಗೆ ತಲೆ, ಅಂದರೆ ಕ್ಯಾಮೆರಾ ಬಾಗಿಸುವ ಹೆಡ್ ಇಲ್ಲ, ಕ್ಯಾಮೆರಾ ನೇರವಾಗಿ ಸ್ಕ್ರೂಗೆ ಕೂತಿದೆ. ಮೇಲೆ ನೋಡಬೇಕಾದರೆ ಕೋಲನ್ನೇ ನನ್ನ ಕಡೆ ವಾಲಿಸಬೇಕು, ತುದಿ ಮುಂದೆ ಹೋಗುತ್ತೆ. ವಾಲಿಸಿದಷ್ಟೂ ಎತ್ತರ ಇಳಿಯುತ್ತೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿ ಅಳೆದು ಕೊಂಡ ಆನ್‌ಲೈನ್ ಕೋಲು ಇಲ್ಲಿ ನನ್ನ ಗಲ್ಲಕ್ಕೆ ಬಂತು. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಅಂಗಡಿಯಲ್ಲಿ ಸಮತಟ್ಟಾದ ಟೈಲ್ಸ್ ಮೇಲೆ ನಿಂತು ಅಳೆದರೆ ಇದು ಗೊತ್ತಾಗುವುದಿಲ್ಲ. ಹಕ್ಕಿ ಹೊಡೆಯುವವರಿಗೆ ಕೋಲು ಹತ್ತು ಸೆಂಟಿಮೀಟರಾದರೂ ಹೆಚ್ಚಿಗೆ ಇರಲಿ.

ಜಗಲಿಯ ಮೇಲೆ ಕೂತಿದ್ದ ಅಜ್ಜಿ ನನ್ನ ಒದ್ದಾಟ ನೋಡುತ್ತಿದ್ದರು. "ಆ ಗ್ವಾಡೆಗೆ ಒರಗ್ಕೋ ಮಗ" ಅಂದರು. ಒರಗಿಕೊಂಡೆ. ಬೆನ್ನಿಗೆ ಗೋಡೆ, ಮುಂದೆ ಕೋಲು. ಎಲ್ಲ ನಿಂತುಹೋಯಿತು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲೊಳಗೆ ತಲೆ ತೂರಿಸಿ ಮೀನು ತೆಗೆಯುವುದನ್ನು 1/200ರಲ್ಲಿ ಹಿಡಿದೆ. ಮೊದಲು ಅಜ್ಜಿಗೇ ತೋರಿಸಿದೆ. ಆ ಮರ ಅವರದೇ ಅಂತೆ.

ಭಾನುವಾರ: ಮೇಲುಕೋಟೆ, ರಾತ್ರಿ ಅರಮನೆ

ಯೋಗನರಸಿಂಹನ ಬೆಟ್ಟಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಕಾರು ನಿಲ್ಲಿಸಿ ಡಿಕ್ಕಿ ತೆಗೆದೆ. ಒಳಗೆ ಎರಡೂ ಕೋಲು. ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ಬಂದದ್ದು ಒಂದು, ಐದು ಬಂದದ್ದು ಇನ್ನೊಂದು. ಮೆಟ್ಟಿಲು ನೋಡಿದೆ. ಒಂದು ಕೆಜಿಯ ಕೋಲು ನೋಡಿದೆ. ಅದನ್ನು ಡಿಕ್ಕಿಯಲ್ಲೇ ಬಿಟ್ಟೆ.

"ನಿನ್ನೆಯೆಲ್ಲ ಅದನ್ನೇ ಹೊಗಳ್ತಿದ್ರಿ?" ಅಂದಳು.

"ನೀನು ಹೊರ್ತೀಯಾ?" ಅಂದೆ. ಮಾತಾಡಲಿಲ್ಲ.

ಅರ್ಧ ದಾರಿಯಲ್ಲಿ ನಿಂತು ಕೆಳಗೆ ಕಲ್ಯಾಣಿಯ ಫೋಟೊಗೆ ಕೋಲು ಊರಿದೆ. ಕಲ್ಯಾಣಿಯ ಸುತ್ತಲಿನ ಮಂಟಪಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಕೆಳಗಿನ ಮೆಟ್ಟಿಲಿಗೆ ಊರಬೇಕಾದ್ದರಿಂದ ಪೂರ್ತಿ ಎಳೆದಿದ್ದೆ. ಮೈಭಾರ ಬಿಟ್ಟದ್ದೇ, ಒಂದು ತುಂಡು ಸರ್ರನೆ ಒಳಗೆ ಹೋಯಿತು. ಕ್ಯಾಮೆರಾ ಒಂದು ಗೇಣು ಕುಸಿಯಿತು, ಅದರ ಹಿಂಭಾಗ ನನ್ನ ಹುಬ್ಬಿಗೆ ಬಡಿಯಿತು. ಕೊರಳಲ್ಲಿ ಪಟ್ಟಿ ಇತ್ತು, ಇಲ್ಲದಿದ್ದರೆ ಕ್ಯಾಮೆರಾ ಉರುಳುತ್ತಾ ಕಲ್ಯಾಣಿಯ ದಾರಿ ಹಿಡಿಯುತ್ತಿತ್ತು. ಬಿಚ್ಚಿ ನೋಡಿದರೆ ಲಾಕಿನ ಸಂದಿಯಲ್ಲಿ ಮರಳಿನ ಕಣ. ಒರೆಸಿ ಮತ್ತೆ ಬಿಗಿ ಮಾಡಿದೆ, ನಿಂತಿತು. ಆದರೆ ಒಂದು ಸಲ ಜಾರಿದ ಕೋಲಿನ ಮೇಲೆ ಭಾರ ಬಿಡಲು ಮನಸ್ಸು ಬರಲಿಲ್ಲ. ಭಾರ ಬಿಡದಿದ್ದರೆ ಒಂಟಿಕಾಲು ಇದ್ದೂ ಇಲ್ಲದ ಹಾಗೆ. ಮಂಗವೊಂದು ಪಕ್ಕದ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿತ್ತು.

ರಾಯಗೋಪುರದ ಹತ್ತಿರ ಇನ್ನೊಂದು ತೊಡಕು. ಗೋಪುರ ಪೂರ್ತಿಯಾಗಲೇ ಇಲ್ಲ, ಎತ್ತರದ ಕಲ್ಲಿನ ಕಂಬಗಳಷ್ಟೇ ಆಕಾಶ ನೋಡುತ್ತ ನಿಂತಿವೆ. ಇದಕ್ಕೆ ಫೋಟೊ ಉದ್ದುದ್ದ ಬೇಕು, ಅಡ್ಡ ಹಿಡಿದರೆ ಕಂಬ ಕತ್ತರಿಸಿಹೋಗುತ್ತೆ. ಕ್ಯಾಮೆರಾ ನೇರ ಕೋಲಿಗೆ ಕೂತಿರುವಾಗ ಅದನ್ನು ಉದ್ದುದ್ದ ತಿರುಗಿಸುವುದು ಹೇಗೆ? ಕೋಲನ್ನೇ ನೆಲಕ್ಕೆ ಮಲಗಿಸಬೇಕು. ದೊಡ್ಡ ಟೆಲಿ ಲೆನ್ಸುಗಳಿಗೆ ಕೊರಳ ಪಟ್ಟಿಯಂಥ ಉಂಗುರ ಇರುತ್ತೆ, ಅದನ್ನು ಕೋಲಿಗೆ ಹಾಕಿ ಕ್ಯಾಮೆರಾವನ್ನು ಒಳಗೇ ತಿರುಗಿಸಬಹುದು. ನಮ್ಮಂಥವರ ಲೆನ್ಸಿಗೆ ಆ ಭಾಗ್ಯ ಇಲ್ಲ. ಆದ್ದರಿಂದ ಒಂದೇ ಕಡೆ ಬಾಗುವ ಸಣ್ಣ ಟಿಲ್ಟ್ ಹೆಡ್ ಬೇಕು. ಅದನ್ನು ಪಕ್ಕಕ್ಕೆ ಬಾಗುವ ಹಾಗೆ ಹಾಕಿಕೊಂಡರೆ ಉದ್ದುದ್ದ ಫೋಟೊ ಸಲೀಸು, ಮೇಲೆ ಕೆಳಗೆ ನೋಡಲು ಕೋಲು ವಾಲಿಸಿದರಾಯಿತು. ಎಲ್ಲ ಕಡೆಗೂ ಬಾಗುವ ಬಾಲ್ ಹೆಡ್ ಯಾಕೆ ಬೇಡ? ಗೆಳೆಯನದನ್ನು ಒಂದು ಸಲ ಹಾಕಿ ನೋಡಿದ್ದೆ. ಕೆಳಗೆ ಕೋಲೂ ವಾಲುತ್ತೆ, ಮೇಲೆ ತಲೆಯೂ ವಾಲುತ್ತೆ. ಕುಡಿದವನನ್ನು ಕುಡಿದವನು ಹಿಡಿದುಕೊಂಡ ಹಾಗೆ.

ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದೆವು. ಹುಬ್ಬಿನ ಮೇಲಿನ ಗಂಟು ನೋಡಿ ಬಡಿಸುವವರು ಏನಾಯ್ತು ಸ್ವಾಮಿ ಅಂದರು. ಫೋಟೊ ತೆಗೆದೆ ಅಂದೆ.

ರಾತ್ರಿ ಏಳಕ್ಕೆ ಮೈಸೂರು ಅರಮನೆ. ಭಾನುವಾರದ ದೀಪ. ಸುಮಾರು 97 ಸಾವಿರ ಬಲ್ಬು ಒಂದೇ ಸಲ ಹತ್ತಿದಾಗ ಜನ ಓ ಅನ್ನುತ್ತಾರಲ್ಲ, ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನೂ ಪ್ರತಿ ಸಲ ಅನ್ನುತ್ತೇನೆ. ಈ ಸಲ ಗೆಳೆಯನ ಕೋಲು. 24 ಮಿ.ಮೀ.ನಲ್ಲಿ, ಐಎಸ್‌ಒ 400 ಇಟ್ಟು, 1/15. ಹತ್ತಕ್ಕೆ ಒಂಬತ್ತು ಸ್ಪಷ್ಟ. ಆದರೆ ಮುಂದೆ ಒಬ್ಬರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರು, ಫೋಟೊದ ತುಂಬ ಮಗುವಿನ ಉಲ್ಲನ್ ಟೋಪಿ. "ಮಾವ, ಟೈಮರ್ ಹಾಕಿ ಕೋಲು ಮೇಲೆತ್ತಿ" ಅಂದಳು. ಒಳ್ಳೆ ಉಪಾಯ. ಕೋಲಿನ ಬುಡ ಹೊಟ್ಟೆಗೆ ಊರಿ, ದೇವರ ಉತ್ಸವದ ಛತ್ರಿ ಹಿಡಿದ ಹಾಗೆ ಎತ್ತಿದೆ. ಒಂದು ಕೆಜಿ ಕೋಲು, ತುದಿಯಲ್ಲಿ ಕ್ಯಾಮೆರಾ. ಟೈಮರ್ ಮುಗಿಯುವ ಮೊದಲೇ ಕೈ ಸೋತು ವಾಲಿತು. ಬಂದ ಫೋಟೊದಲ್ಲಿ ಅರಮನೆ ಇಲ್ಲ, ಆಕಾಶ ಇದೆ. ಅವಳು ಆನ್‌ಲೈನ್ ಕೋಲನ್ನು ಮೂರೇ ತುಂಡು ಎಳೆದು, ಆರಾಮಾಗಿ ಎತ್ತಿ, ಟೋಪಿಗಳ ಮೇಲಿಂದ ಇಡೀ ಅರಮನೆ ತೆಗೆದಳು.

ಅಲ್ಲೇ ತೀರ್ಮಾನವಾಯಿತು. ಗಟ್ಟಿಯಾದದ್ದು ಬೆಟ್ಟ ಹತ್ತಲಿಲ್ಲ, ಬೆಟ್ಟ ಹತ್ತಿದ್ದು ಗಟ್ಟಿ ನಿಲ್ಲಲಿಲ್ಲ. ನಾನೂರು ರೂಪಾಯಿ ಮುಖ ನೋಡಿ ನಾನು ಬಿಟ್ಟು ಬಂದದ್ದು ಇವೆರಡರ ನಡುವಿನದನ್ನು.

ಸೋಮವಾರ ಬೆಳಗ್ಗೆ

ಅಂಗಡಿ ಬಾಗಿಲು ತೆಗೆಯುವಾಗಲೇ ನಿಂತಿದ್ದೆವು. "ನೋಡ್ಕೊಂಡು ಬಂದ್ರಾ ಸಾರ್?" ಅಂತ ಅಂಗಡಿಯವರು ನಗದೆ ಕೇಳಿದರು. 2,400ಕ್ಕೆ ಐವತ್ತು ರೂಪಾಯಿ ಬಿಟ್ಟರು. ಪೂರ್ತಿ ಎಳೆದು ಮತ್ತೆ ಅಂಗೈಯಿಂದ ಒತ್ತಿ ನೋಡಿದೆ. ಕ್ಲಿಪ್ ಸಡಿಲವಾದರೆ ಬಿಗಿ ಮಾಡುವ ಸಣ್ಣ ಅಲೆನ್ ಕೀ ಪೆಟ್ಟಿಗೆಯಲ್ಲೇ ಇತ್ತು. ಆನ್‌ಲೈನ್ ಕೋಲನ್ನು ವಾಪಸ್ ತಗೊಳ್ಳಲು ಮಧ್ಯಾಹ್ನ ಹುಡುಗ ಬರುತ್ತಾನೆ ಅಂತ ಮೆಸೇಜೂ ಬಂತು.

"ಬಾಲ್ ಹೆಡ್ ಕೊಡ್ಲಾ? ಒಳ್ಳೇದಿದೆ."

"ಬೇಡ, ಟಿಲ್ಟ್ ಹೆಡ್ ಇದ್ಯಾ?" ಅಂದಳು ಇವಳು.

ಒಳಗೆ ಹೋಗಿ ಹುಡುಕಿ ಬಂದರು. ಖಾಲಿಯಾಗಿದೆ, ಬೆಂಗಳೂರಿನಿಂದ ಬರಬೇಕು, ಗುರುವಾರ ಸಿಗುತ್ತೆ ಅಂದರು. ಕೋಲೊಂದನ್ನೇ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆವು. ಗುರುವಾರದವರೆಗೆ ಗೋಪುರಗಳೆಲ್ಲ ಅಡ್ಡಡ್ಡವೇ.